ಚಾಸರ್ ಕಾಲದ ಸಮಾಜ ಅವನ ಸಾಹಿತ್ಯವನ್ನು ಹೇಗೆ ರೂಪಿಸಿತು? ಗೈಡಿನ ಉತ್ತರ ಸಾಲುತ್ತಿಲ್ಲ

ಓದುವಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಓದುತ್ತಿದ್ದೇನೆ, ಇಂಗ್ಲಿಷ್ ಐಚ್ಛಿಕ. ಪಿಯುಸಿವರೆಗೂ ಕನ್ನಡ ಮಾಧ್ಯಮ, ಹಾಗಾಗಿ ಇಲ್ಲಿ ಕನ್ನಡದಲ್ಲೇ ಕೇಳುತ್ತೇನೆ.

ಈ ಸೆಮಿಸ್ಟರಿನಲ್ಲಿ ಮಧ್ಯಯುಗದ ಇಂಗ್ಲಿಷ್ ಸಾಹಿತ್ಯ ಇದೆ, ಅದರಲ್ಲಿ 14ನೇ ಶತಮಾನದ ಕವಿ ಚಾಸರ್ ಇದ್ದಾನೆ. ಆ ಕಾಲದ ಸಮಾಜ ಸಾಹಿತ್ಯವನ್ನು ಹೇಗೆ ರೂಪಿಸಿತು ಎನ್ನುವ ಪ್ರಶ್ನೆಗೆ ಗೈಡಿನಲ್ಲಿ ಇರುವುದು ಇಷ್ಟೇ. ಸಮಾಜದಲ್ಲಿ ಮೂರು ವರ್ಗ ಇತ್ತು: ಪ್ರಾರ್ಥನೆ ಮಾಡುವವರು, ಯುದ್ಧ ಮಾಡುವವರು, ದುಡಿಯುವವರು. ಸಾಹಿತ್ಯ ಈ ಮೂರನ್ನೂ ತೋರಿಸಿತು. ಅಲ್ಲಿಗೆ ಮುಗಿಯಿತು.

ಆದರೆ 'ಕ್ಯಾಂಟರ್‌ಬರಿ ಟೇಲ್ಸ್' ಪ್ರೊಲಾಗ್ (ಯಾತ್ರೆಗೆ ಹೊರಟು ಕಥೆ ಹೇಳುವವರನ್ನು ಚಾಸರ್ ಪರಿಚಯಿಸುವ ಮುನ್ನುಡಿ) ಓದಿದರೆ ಆ ಮೂರು ವರ್ಗದಲ್ಲಿ ಕೂರದವರೇ ಜಾಸ್ತಿ ಕಾಣುತ್ತಾರೆ. ರಾಜ ಇಲ್ಲ, ದೊಡ್ಡ ಪ್ರಭು ಇಲ್ಲ, ಬಿಷಪ್ ಇಲ್ಲ. ನೈಟ್, ಅಂದರೆ ಕುದುರೆ ಯೋಧ, ಒಬ್ಬನಿದ್ದಾನೆ, ಉಳುವವನು ಒಬ್ಬನಿದ್ದಾನೆ. ನಡುವೆ ವ್ಯಾಪಾರಿ, ವಕೀಲ, ವೈದ್ಯ, ಬಡಗಿ, ನೇಕಾರ, ಅಡುಗೆಯವನು, ಹಡಗಿನವನು, ಬಟ್ಟೆ ನೇಯಿಸುವ ಹೆಂಗಸು. ಇವರೆಲ್ಲ ಯಾವ ವರ್ಗ? ಮೂರೇ ವರ್ಗದ ಸಮಾಜದಲ್ಲಿ ಬದುಕಿದ ಕವಿ ಇಂಥ ಗುಂಪನ್ನು ಯಾಕೆ ಕಟ್ಟಿದ? ಗೊತ್ತಿರುವವರು ಸ್ವಲ್ಪ ವಿವರವಾಗಿ ಹೇಳಿ. ಪರೀಕ್ಷೆಗೆ ಅಂತ ಮಾತ್ರ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕು.

ಹಳೇಹೊತ್ತಿಗೆ:

ತುಂಬಾ ಒಳ್ಳೆಯ ಪ್ರಶ್ನೆ. ನೀವು ಗಮನಿಸಿದ ವಿಷಯದಲ್ಲೇ ಅರ್ಧ ಉತ್ತರ ಇದೆ.

ಮೂರು ವರ್ಗ ಅನ್ನುವುದು ಆ ಕಾಲದ ಪಾದ್ರಿಗಳು ಹೇಳುತ್ತಿದ್ದ ಲೆಕ್ಕ. ಸಮಾಜ ಹೀಗಿರಬೇಕು ಅಂತ. ಚಾಸರ್ ಬದುಕಿದ ಹೊತ್ತಿಗೆ ಆ ಲೆಕ್ಕ ತಪ್ಪಿಹೋಗಿತ್ತು. ದೊಡ್ಡ ಕಾರಣ ಪ್ಲೇಗ್. 1348ರ ಬೇಸಿಗೆಯಲ್ಲಿ ಅದು ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಬಂತು, ಒಂದೂವರೆ ವರ್ಷದಲ್ಲಿ ದೇಶದ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೂ ಜನ ಸತ್ತರು. ಆಗ ಚಾಸರ್ ಚಿಕ್ಕ ಹುಡುಗ. 1361ರಲ್ಲಿ ಮತ್ತೆ ಬಂತು, 1369ರಲ್ಲಿ ಮತ್ತೆ.

ಇದರ ಪರಿಣಾಮ ಏನು? ಹೊಲ ಅಷ್ಟೇ ಇದೆ, ದುಡಿಯುವ ಕೈ ಇಲ್ಲ. ಉಳಿದವರು ಜಾಸ್ತಿ ಕೂಲಿ ಕೇಳಿದರು. ಕೊಡದಿದ್ದರೆ ಪಕ್ಕದ ಊರಿಗೆ ಹೋದರು. ಜಮೀನಿಗೆ ಕಟ್ಟಿಹಾಕಿದ್ದ ಜೀತದಾಳುಗಳು ರಾತ್ರೋರಾತ್ರಿ ಊರು ಬಿಟ್ಟರು, ಯಾಕಂದರೆ ಬೇರೆ ಧಣಿ ಅವರ ಪೂರ್ವಾಪರ ಕೇಳದೆ ಕೆಲಸ ಕೊಡುತ್ತಿದ್ದ. ಧಣಿಗಳು ಪಾರ್ಲಿಮೆಂಟಿಗೆ ಓಡಿದರು. 1351ರ ಕಾರ್ಮಿಕರ ಕಾಯ್ದೆ ಬಂತು. ಕೂಲಿ ಪ್ಲೇಗಿಗೆ ಮುಂಚೆ ಎಷ್ಟಿತ್ತೋ ಅಷ್ಟೇ ಇರಬೇಕು, ಕರೆದ ಕಡೆ ದುಡಿಯಲೇಬೇಕು. 1363ರಲ್ಲಿ ಇನ್ನೂ ವಿಚಿತ್ರವಾದ ಕಾಯ್ದೆ. ಯಾವ ಅಂತಸ್ತಿನವರು ಯಾವ ಬಟ್ಟೆ ಉಡಬೇಕು, ಯಾರು ಬೆಳ್ಳಿ ಹಾಕಿಕೊಳ್ಳಬಾರದು ಅಂತ. ಕೆಳಗಿನವರು ಮೇಲಿನವರ ಹಾಗೆ ಉಟ್ಟು ಓಡಾಡುತ್ತಿದ್ದಾರೆ ಅನ್ನುವ ಭಯ ಇಲ್ಲದಿದ್ದರೆ ಇಂಥ ಕಾಯ್ದೆ ಯಾರಿಗೆ ಬೇಕು ಹೇಳಿ. ಅದು ಎರಡು ವರ್ಷವೂ ನಿಲ್ಲಲಿಲ್ಲ.

ಈಗ ಪ್ರೊಲಾಗ್‌ಗೆ ಬನ್ನಿ. ಅಲ್ಲಿ ಐದು ಜನ ಕಸುಬುದಾರರಿದ್ದಾರೆ, ಬಡಗಿ, ನೇಕಾರ, ಬಣ್ಣಗಾರ ಇತ್ಯಾದಿ. ಅವರ ಚಾಕುವಿನ ಕಟ್ಟು ಹಿತ್ತಾಳೆಯದಲ್ಲ, ಬೆಳ್ಳಿಯದು ಅಂತ ಚಾಸರ್ ಹೇಳುತ್ತಾನೆ. ಅವರ ಹೆಂಡತಿಯರಿಗೆ 'ಮೇಡಂ' ಅನ್ನಿಸಿಕೊಳ್ಳುವುದು ಬಹಳ ಇಷ್ಟ ಅಂತಲೂ ಹೇಳುತ್ತಾನೆ. ಸುಮ್ನೆ ಅಲಂಕಾರಕ್ಕೆ ಬರೆದ ಸಾಲು ಅಂದುಕೊಳ್ಳಬೇಡಿ. ಆ ಬೆಳ್ಳಿಯ ಬಗ್ಗೆ ಪಾರ್ಲಿಮೆಂಟ್ ಕಾಯ್ದೆ ಮಾಡಿತ್ತು. ವೈದ್ಯನನ್ನು ನೋಡಿ: ಪ್ಲೇಗಿನಲ್ಲಿ ದುಡಿದ ಹಣವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಪಾಪಕ್ಷಮೆಯ ಪತ್ರ ಮಾರುವ ಯಾತ್ರಿಕ ಹೇಳುವ ಕಥೆ, 'ಪಾರ್ಡನರ್ಸ್ ಟೇಲ್', ಓದಿದ್ದೀರಾ? ಮೂವರು ಕುಡುಕರು ಸಾವನ್ನು ಹುಡುಕಿ ಕೊಲ್ಲುತ್ತೇವೆ ಅಂತ ಹೊರಡುತ್ತಾರೆ, ಈ ಸಲದ ಪಿಡುಗಿನಲ್ಲಿ ಅದು ಸಾವಿರ ಜನರನ್ನು ಕೊಂದಿದೆ ಅಂತ ಹೋಟೆಲಿನ ಹುಡುಗ ಹೇಳಿದ್ದಕ್ಕೆ. ಮರದ ಕೆಳಗೆ ಅವರಿಗೆ ಸಿಗುವುದು ಚಿನ್ನದ ರಾಶಿ. ಅದಕ್ಕಾಗಿ ಒಬ್ಬರನ್ನೊಬ್ಬರು ಕೊಂದು ಮೂವರೂ ಸಾಯುತ್ತಾರೆ. ಸಾವು ಮತ್ತು ದುಡ್ಡು ಒಟ್ಟಿಗೆ ಬಂದ ಕಾಲದ ಕಥೆ ಅದು.

ಚಾಸರನೇ ಆ ನಡುವಿನವನು. ಅಪ್ಪ ಲಂಡನ್ನಿನ ವೈನ್ ವ್ಯಾಪಾರಿ. ಮಗ ಹುಡುಗನಾಗಿದ್ದಾಗ ರಾಜನ ಸೊಸೆಯ ಮನೆಯಲ್ಲಿ ಸೇವಕ. ಫ್ರಾನ್ಸಿನ ಯುದ್ಧಕ್ಕೆ ಹೋಗಿ ಸೆರೆಸಿಕ್ಕಿದ, 1360ರಲ್ಲಿ ರಾಜ 16 ಪೌಂಡ್ ಕೊಟ್ಟು ಬಿಡಿಸಿದ. 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆ ಸುಂಕದ ಲೆಕ್ಕ ನೋಡುವ ಅಧಿಕಾರಿ. ಇಂಗ್ಲೆಂಡಿನ ಹಣವೆಲ್ಲ ಬರುತ್ತಿದ್ದದ್ದೇ ಉಣ್ಣೆಯಿಂದ. ಪ್ರೊಲಾಗಿನ ವ್ಯಾಪಾರಿ ಇಂಗ್ಲೆಂಡಿನ ಓರ್ವೆಲ್‌ನಿಂದ ಸಮುದ್ರದಾಚೆಯ ಮಿಡಲ್‌ಬರ್ಗ್‌ವರೆಗೆ ಸಮುದ್ರಕ್ಕೆ ಕಾವಲು ಬೇಕು ಅಂತ ಗೊಣಗುತ್ತಾನಲ್ಲ, 1384ರಿಂದ 1388ರವರೆಗೆ ಉಣ್ಣೆ ಮಾರಾಟದ ಕೇಂದ್ರ ಇದ್ದದ್ದು ಆ ಮಿಡಲ್‌ಬರ್ಗ್‌ನಲ್ಲೇ. ಕಚೇರಿಯಲ್ಲಿ ದಿನಾ ಇಂಥವರ ಮಾತು ಕೇಳಿದವನಿಗೆ ಮಾತ್ರ ಆ ಸಾಲು ಹೊಳೆಯುತ್ತದೆ. ಹುಟ್ಟಿನಿಂದ ಪ್ರಭುವೂ ಅಲ್ಲ, ಪಾದ್ರಿಯೂ ಅಲ್ಲ, ನೆಲ ಉಳುವವನೂ ಅಲ್ಲ. ಅಂಥವನು ಬರೆದರೆ ಗುಂಪು ಹಾಗೇ ಇರುತ್ತದೆ.

ಕೆಂಪುನೆಲ:

ಹಳೇಹೊತ್ತಿಗೆಯವರು ಹೇಳಿದ್ದು ಸರಿ. ಆದರೆ ಯಾವಾಗಲೂ ಚಾಸರ್ ಒಬ್ಬನ ಮೇಲೇ ನಿಲ್ಲುವುದು ನನಗೆ ಒಪ್ಪಿಗೆ ಇಲ್ಲ. ಸಮಾಜ ಸಾಹಿತ್ಯವನ್ನು ರೂಪಿಸಿದ್ದು ಮಾತ್ರವಲ್ಲ, ಸಾಹಿತ್ಯ ಬೀದಿಗೆ ಇಳಿದದ್ದನ್ನೂ ನೋಡಬೇಕು ಅಂದರೆ ವಿಲಿಯಂ ಲ್ಯಾಂಗ್‌ಲ್ಯಾಂಡ್‌ನ 'ಪಿಯರ್ಸ್ ಪ್ಲೌಮನ್' ಓದಬೇಕು.

ಆ ಕವಿತೆಯ ನಾಯಕ ಒಬ್ಬ ಉಳುವವನು. ಸತ್ಯದ ಮನೆಗೆ ದಾರಿ ಗೊತ್ತಿರುವುದು ನೈಟ್‌ಗೂ ಅಲ್ಲ, ಪಾದ್ರಿಗೂ ಅಲ್ಲ, ಅವನಿಗೆ. ಮೊದಲು ಈ ಅರ್ಧ ಎಕರೆ ಉಳೋಣ, ಎಲ್ಲರೂ ಕೈ ಹಾಕಿ, ಆಮೇಲೆ ಯಾತ್ರೆ ಅನ್ನುತ್ತಾನೆ. ಕೆಲವರು ದುಡಿಯುತ್ತಾರೆ, ಕೆಲವರು ಕೂತು ಹಾಡುತ್ತಾರೆ. ಕೊನೆಗೆ ಪಿಯರ್ಸ್ ಹಸಿವನ್ನೇ ಕರೆಯುತ್ತಾನೆ, ಹಸಿವು ಬಂದು ಸೋಮಾರಿಗಳ ಹೊಟ್ಟೆ ಹಿಂಡುತ್ತದೆ. ಸುಗ್ಗಿ ಬಂದು ಹೊಟ್ಟೆ ತುಂಬಿದ ಮೇಲೆ ಕೂಲಿಯವರು ನಿನ್ನೆಯ ತರಕಾರಿ ಬೇಡ ಅನ್ನುತ್ತಾರೆ, ತಾಜಾ ಮಾಂಸ ಬೇಕು, ಹುರಿದ ಮೀನು ಬೇಕು, ಅದೂ ಬಿಸಿಬಿಸಿ ಬೇಕು. ಕೂಲಿ ಕಡಿಮೆ ಆದರೆ ಕಾಯ್ದೆ ಮಾಡಿದ ರಾಜನನ್ನೂ ಅವನ ಸಭೆಯನ್ನೂ ಶಪಿಸುತ್ತಾರೆ. ಅದು 1351ರ ಕಾಯ್ದೆಯೇ. ಲ್ಯಾಂಗ್‌ಲ್ಯಾಂಡ್ ಕೂಲಿಯವರ ಪರವೋ ವಿರುದ್ಧವೋ ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಸೋಮಾರಿಗಳ ಮೇಲೆ ಸಿಟ್ಟಿದೆ. ನಿಜವಾಗಿ ಬಡವರಾದವರ ಮೇಲೆ, ಚಳಿಗಾಲದಲ್ಲಿ ರಾತ್ರಿ ಎದ್ದು ತೊಟ್ಟಿಲು ತೂಗುವ ಹೆಂಗಸರ ಮೇಲೆ ಇರುವ ಕರುಣೆ ಓದಿದರೆ ಕಣ್ಣು ತುಂಬುತ್ತದೆ.

ಈಗ 1381. ಫ್ರಾನ್ಸ್ ಯುದ್ಧಕ್ಕೆ ಹಣ ಬೇಕು ಅಂತ ತಲೆಗಂದಾಯ ಹಾಕಿದರು. 1377ರಲ್ಲಿ ತಲೆಗೆ 4 ಪೆನ್ನಿ ಇದ್ದದ್ದು ಮೂರನೇ ಸಲಕ್ಕೆ 12 ಪೆನ್ನಿ. ಎಸೆಕ್ಸ್, ಕೆಂಟ್ ಕಡೆಯ ಜನ ಸಿಡಿದೆದ್ದು ಲಂಡನ್ನಿಗೆ ನುಗ್ಗಿದರು. ಆರ್ಚ್‌ಬಿಷಪ್‌ನ ತಲೆ ತೆಗೆದರು. ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಸವಾಯ್ ಅರಮನೆ ಸುಟ್ಟರು. ಅವರ ಜೊತೆ ಜಾನ್ ಬಾಲ್ ಎಂಬ ಪಾದ್ರಿ ಇದ್ದ. ಆದಾಮ ನೆಲ ಅಗೆಯುವಾಗ, ಈವ್ ನೂಲು ತೆಗೆಯುವಾಗ ಧಣಿ ಅಂತ ಯಾರಿದ್ದ ಎಂದು ಕೇಳಿದವನು ಅವನೇ. ಅವನ ಹೆಸರಿನಲ್ಲಿ ಹಂಚಿದ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಅದರಲ್ಲಿ ಒಂದರಲ್ಲಿ ಪಿಯರ್ಸ್ ಪ್ಲೌಮನ್ ತನ್ನ ಕೆಲಸಕ್ಕೆ ಹೊರಡಲಿ ಅಂತ ಬರೆದಿದೆ. ಕವಿತೆಯ ಪಾತ್ರ ಬಂಡಾಯದ ಗುಪ್ತ ಹೆಸರಾಯಿತು!

ಆಮೇಲೆ ಲ್ಯಾಂಗ್‌ಲ್ಯಾಂಡ್ ಕವಿತೆಯನ್ನು ಮತ್ತೆ ತಿದ್ದಿದ. ಹಿಂದಿನ ಆವೃತ್ತಿಯಲ್ಲಿ ಪಿಯರ್ಸ್ ಪಾಪಕ್ಷಮೆಯ ಪತ್ರವನ್ನು ಹರಿದು ಹಾಕುತ್ತಾನೆ, ಕೊನೆಯ ಆವೃತ್ತಿಯಲ್ಲಿ ಆ ಹರಿಯುವುದೇ ಇಲ್ಲ. ಬದಲಿಗೆ ಕವಿಯೇ ಕಟಕಟೆಯಲ್ಲಿ ನಿಂತ ಹಾಗೆ ಒಂದು ಭಾಗ ಸೇರಿಸಿದ. ಕಾರ್ನ್‌ಹಿಲ್‌ನಲ್ಲಿ ಹೆಂಡತಿಯ ಜೊತೆ ಗುಡಿಸಲಿನಲ್ಲಿ ಇದ್ದಾನೆ, ಸತ್ತವರ ಆತ್ಮಕ್ಕೆ ಪ್ರಾರ್ಥನೆ ಹೇಳಿ ಹೊಟ್ಟೆ ಹೊರೆಯುತ್ತಾನೆ. ವಿವೇಕ ಎಂಬ ಪಾತ್ರ ಬಂದು ಕೇಳುತ್ತದೆ, ಕೊಯ್ಲಿಗೆ ಹೋಗುತ್ತೀಯಾ, ಹಂದಿ ಕಾಯುತ್ತೀಯಾ, ಏನು ಕೆಲಸ ಮಾಡುತ್ತೀಯಾ? ನನಗೆ ಕುಡುಗೋಲು ಹಿಡಿಯಲು ಶಕ್ತಿ ಇಲ್ಲ, ತೀರಾ ಉದ್ದ ಇದ್ದೇನೆ, ಬಗ್ಗಲು ಆಗುವುದಿಲ್ಲ ಅನ್ನುತ್ತಾನೆ. 1388ರಲ್ಲಿ ಕೆಲಸವಿಲ್ಲದೆ ತಿರುಗುವವರನ್ನು ಹಿಡಿಯುವ ಕಾಯ್ದೆ ಇನ್ನೂ ಬಿಗಿಯಾಯಿತು. ಬರೆಯುವುದು ಕೆಲಸವೇ ಅಲ್ಲವೇ ಅನ್ನುವ ಪ್ರಶ್ನೆಯನ್ನು ಒಬ್ಬ ಕವಿ ಕೂಲಿಕಾಯ್ದೆಯ ಭಾಷೆಯಲ್ಲೇ ತನಗೆ ತಾನು ಕೇಳಿಕೊಂಡದ್ದು ನನಗೆ ಈ ಇಡೀ ಕಾಲದ ಅತ್ಯಂತ ದೊಡ್ಡ ಕ್ಷಣ ಅನ್ನಿಸುತ್ತದೆ.

ಇನ್ನು ಚಾಸರ್? ಆಲ್ಡ್‌ಗೇಟ್ ಎಂಬ ಕೋಟೆಬಾಗಿಲಿನ ಮೇಲಿನ ಮನೆ ಆಗ ಅವನ ಹೆಸರಿನಲ್ಲಿತ್ತು. ಎಸೆಕ್ಸಿನವರು ಲಂಡನ್ನಿನೊಳಗೆ ಬಂದದ್ದು ಆ ಬಾಗಿಲಿನಿಂದಲೇ. ಬಂಡಾಯದ ಬಗ್ಗೆ ಅವನು ನೇರವಾಗಿ ಬರೆದದ್ದು ಎಷ್ಟು? ಒಂದು ಕೋಳಿಯ ಕಥೆಯಲ್ಲಿ ಕೆಲವು ಸಾಲು.

ಹಳೇಹೊತ್ತಿಗೆ:

ಆ ಕೆಲವು ಸಾಲನ್ನು ಹಗುರವಾಗಿ ತಳ್ಳಬೇಡಿ, ಕೆಂಪುನೆಲ. ಕೋಳಿ ಕದ್ದ ನರಿಯ ಹಿಂದೆ ಊರವರು ಕೂಗುತ್ತಾ ಓಡುತ್ತಾರೆ. ಬಂಡಾಯದ ಮುಂದಾಳು ಜ್ಯಾಕ್ ಸ್ಟ್ರಾ ಮತ್ತು ಅವನ ಗುಂಪು ಫ್ಲೆಮಿಶ್ ಜನರನ್ನು ಕೊಲ್ಲುವಾಗ ಹಾಕಿದ ಕೂಗು ಇದರ ಅರ್ಧದಷ್ಟೂ ಇರಲಿಲ್ಲ ಅನ್ನುತ್ತಾನೆ ಚಾಸರ್. ಆ ನೇಯ್ಗೆಯವರನ್ನು, ವ್ಯಾಪಾರಿಗಳನ್ನು ಎಳೆದು ತಂದು ಕೊಂದದ್ದು ಎಲ್ಲಿ ಗೊತ್ತಾ? ವಿಂಟ್ರಿಯಲ್ಲಿ, ವೈನ್ ವ್ಯಾಪಾರಿಗಳ ಬೀದಿಯಲ್ಲಿ. ಚಾಸರ್ ಹುಟ್ಟಿ ಬೆಳೆದ ಕೇರಿ ಅದು. ಹೊರಗಿನಿಂದ ಬಂದು ಬದುಕುತ್ತಿದ್ದ ಅಮಾಯಕರನ್ನು ಬಂಡಾಯದ ಹೆಸರಿನಲ್ಲಿ ಕೊಂದರು. ಅವನು ಬಂಡಾಯವನ್ನು ಹಾಡಿ ಹೊಗಳದೇ ಇದ್ದದ್ದಕ್ಕೆ ನಾನು ಅವನನ್ನು ಹೇಡಿ ಅನ್ನುವುದಿಲ್ಲ.

ಅವನ ಗೆಳೆಯ ಜಾನ್ ಗವರ್ ಲ್ಯಾಟಿನ್‌ನಲ್ಲಿ ಬರೆದದ್ದನ್ನು ಹೋಲಿಸಿ ನೋಡಿ. ಅಲ್ಲಿ ರೈತರು ಕತ್ತೆ, ಎತ್ತು, ನಾಯಿಗಳಾಗಿ ಬದಲಾಗುತ್ತಾರೆ. ಜಮೀನು ಇದ್ದವನ ಭಯ ಅದು. ಚಾಸರ್ ಅಷ್ಟು ದೂರ ಹೋಗಲಿಲ್ಲ.

ಓದುವಹುಡುಗಿ:

ತುಂಬಾ ಧನ್ಯವಾದ, ಇದೆಲ್ಲ ನಮಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಒಂದು ಉಪಪ್ರಶ್ನೆ. ಗವರ್ ಲ್ಯಾಟಿನ್‌ನಲ್ಲಿ ಬರೆದ ಅಂದಿರಿ. ಅರಮನೆಯಲ್ಲಿ ಫ್ರೆಂಚ್, ಚರ್ಚಿನಲ್ಲಿ ಲ್ಯಾಟಿನ್ ಇದ್ದಾಗ ಚಾಸರ್ ಇಂಗ್ಲಿಷನ್ನೇ ಯಾಕೆ ಆರಿಸಿಕೊಂಡ? ಅದೂ ಸಮಾಜದಿಂದಲೇ ಬಂದದ್ದಾ?

ದಾರಿಹೋಕ:

ಹೌದು, ಬಹುಮಟ್ಟಿಗೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಮೇಲಿನವರ ಮಾತು ಫ್ರೆಂಚ್ ಆಯಿತು. ಮುನ್ನೂರು ವರ್ಷ ಹೆಚ್ಚು ಕಮ್ಮಿ ಹಾಗೇ ನಡೆಯಿತು. 1337ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು, ಅದು ನೂರು ವರ್ಷಕ್ಕೂ ಜಾಸ್ತಿ ಎಳೆಯಿತು. ಶತ್ರುವಿನ ಮಾತನ್ನೇ ನಾವು ಯಾಕೆ ಆಡಬೇಕು ಅನ್ನುವ ಭಾವನೆ ಬೆಳೆಯಿತು. 1362ರಲ್ಲಿ ನ್ಯಾಯಾಲಯದಲ್ಲಿ ವಾದ ಇಂಗ್ಲಿಷಿನಲ್ಲಿ ಆಗಬೇಕು ಅಂತ ಕಾಯ್ದೆ ಬಂತು, ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ ಅನ್ನುವ ಕಾರಣ ಕೊಟ್ಟು. ಆ ಕಾಯ್ದೆಯನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲೇ. 1399ರಲ್ಲಿ ನಾಲ್ಕನೇ ಹೆನ್ರಿ ಸಿಂಹಾಸನ ನನ್ನದು ಅಂತ ಪಾರ್ಲಿಮೆಂಟಿನ ಮುಂದೆ ಇಂಗ್ಲಿಷಿನಲ್ಲಿ ಹೇಳಿದ.

ಇದರಲ್ಲೂ ಪ್ಲೇಗಿನ ಕೈ ಇದೆ. ಜಾನ್ ಟ್ರೆವೀಸಾ ಎಂಬ ಅನುವಾದಕ 1385ರಲ್ಲಿ ಬರೆದದ್ದು ಸಿಗುತ್ತದೆ. ಮೊದಲ ಪಿಡುಗಿಗೆ ಮುಂಚೆ ಶಾಲೆಯ ಮಕ್ಕಳು ಲ್ಯಾಟಿನ್ ಅನ್ನು ಫ್ರೆಂಚಿಗೆ ಅರ್ಥ ಮಾಡಿ ಕಲಿಯುತ್ತಿದ್ದರು, ಆಮೇಲೆ ಜಾನ್ ಕಾರ್ನ್‌ವಾಲ್ ಎಂಬ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ಬದಲಾಯಿಸಿದರು, ಈಗ ಎಲ್ಲ ಶಾಲೆಯಲ್ಲೂ ಹಾಗೇ ಅಂತ. ಮಕ್ಕಳು ಬೇಗ ಕಲಿಯುತ್ತಾರೆ ನಿಜ, ಆದರೆ ಹೊರದೇಶಕ್ಕೆ ಹೋದರೆ ಫ್ರೆಂಚ್ ಬಾರದೆ ಒದ್ದಾಡುತ್ತಾರೆ ಅಂತ ಅವನೇ ಸೇರಿಸುತ್ತಾನೆ. ಕನ್ನಡ ಮಾಧ್ಯಮದಿಂದ ಬಂದ ನಿಮಗೆ ಈ ವಾದ ಹೊಸದಲ್ಲ ಬಿಡಿ.

ಆದರೂ ಚಾಸರ್ ಆಯ್ಕೆ ಸುಲಭದ್ದಲ್ಲ. ಗವರ್ ಮೂರೂ ಭಾಷೆಯಲ್ಲಿ ಒಂದೊಂದು ದೊಡ್ಡ ಕೃತಿ ಬರೆದ, ಯಾವುದು ಉಳಿಯುತ್ತದೋ ನೋಡೋಣ ಅನ್ನುವ ಹಾಗೆ. ಚಾಸರ್ ಇಂಗ್ಲಿಷ್ ಒಂದನ್ನೇ ಹಿಡಿದ. ಕೆಲಸದ ಮೇಲೆ ಇಟಲಿಗೆ ಹೋಗಿದ್ದ, 1372ರಲ್ಲಿ ಮತ್ತು 1378ರಲ್ಲಿ. ಅಲ್ಲಿ ಡಾಂಟೆ, ಬೊಕಾಚಿಯೊ ಜನರ ಮಾತಿನಲ್ಲಿ ಎಂಥ ದೊಡ್ಡ ಕಾವ್ಯ ಕಟ್ಟಿದ್ದಾರೆ ಅನ್ನುವುದು ಅವನಿಗೆ ತಿಳಿಯಿತು. ಆ ಧೈರ್ಯವೂ ಸೇರಿಕೊಂಡಿತು ಅಂತ ನನ್ನ ನಂಬಿಕೆ.

ರಂಗದಹಿಂದೆ:

ಎಲ್ಲರೂ ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಕಾಲದ ಬಹಳಷ್ಟು ಜನಕ್ಕೆ ಓದಲು ಬರುತ್ತಿರಲಿಲ್ಲ. ಅವರ ಸಾಹಿತ್ಯ ನಾಟಕ. ಸಮಾಜ ಸಾಹಿತ್ಯವನ್ನು ಕೈಯಾರೆ ಕಟ್ಟಿದ್ದು ನೋಡಬೇಕಾದರೆ ಯಾರ್ಕ್ ಪಟ್ಟಣಕ್ಕೆ ಬನ್ನಿ.

ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ, ಬೇಸಿಗೆಯ ಉದ್ದದ ಹಗಲು. ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗೆ ಬೈಬಲ್ಲಿನ ಇಡೀ ಕಥೆಯನ್ನು ಸುಮಾರು 50 ತುಂಡು ನಾಟಕ ಮಾಡಿ ಗಾಡಿಗಳ ಮೇಲೆ ಆಡುತ್ತಿದ್ದರು. ಗಾಡಿ ಒಂದು ಬೀದಿಯಲ್ಲಿ ಆಡಿ ಮುಂದಿನ ಬೀದಿಗೆ ಉರುಳುತ್ತದೆ, ಹಿಂದಿನದು ಅದರ ಜಾಗಕ್ಕೆ ಬರುತ್ತದೆ. ಆಟಗಾರರು ಬೆಳಗಿನ ಜಾವ ನಾಲ್ಕೂವರೆಗೆ ಸಿದ್ಧ ಇರಬೇಕು ಅಂತ ಪಟ್ಟಣದ ಆಜ್ಞೆ. ಖರ್ಚು ಯಾರದು? ಕಸುಬುದಾರರ ಸಂಘಗಳದು, ಅಂದರೆ ಗಿಲ್ಡ್‌ಗಳದು. ಪ್ರತಿಯೊಂದು ಗಿಲ್ಡ್ ತನ್ನ ಸದಸ್ಯರಿಂದ ನಾಟಕಕ್ಕೆಂದೇ ವಂತಿಗೆ ಎತ್ತುತ್ತಿತ್ತು.

ಯಾರಿಗೆ ಯಾವ ಕಥೆ ಅನ್ನುವುದರಲ್ಲಿ ಸ್ವಾರಸ್ಯ ಇದೆ. ನೋವನ ನಾವೆ ಕಟ್ಟುವ ಕಥೆ ಹಡಗು ಕಟ್ಟುವವರಿಗೆ. ಪ್ರಳಯದ್ದು ಮೀನುಗಾರರಿಗೆ, ನಾವಿಕರಿಗೆ. ಕೊನೆಯ ಊಟ ಬ್ರೆಡ್ ಸುಡುವವರಿಗೆ. ಮೂವರು ಅರಸರು ಚಿನ್ನ ತರುವ ಕಥೆ ಅಕ್ಕಸಾಲಿಗರಿಗೆ. ಕೊನೆಯ ತೀರ್ಪು ಎಲ್ಲರಿಗಿಂತ ಶ್ರೀಮಂತರಾದ ಬಟ್ಟೆ ವ್ಯಾಪಾರಿಗಳಿಗೆ. 1433ರಲ್ಲಿ ಅವರ ಗಾಡಿಯ ಸಾಮಾನು ಪಟ್ಟಿ ಮಾಡಿದ ದಾಖಲೆ ಈಗಲೂ ಇದೆ. ದೇವರನ್ನು ಮೇಲಕ್ಕೂ ಕೆಳಕ್ಕೂ ಇಳಿಸುವ ಯಂತ್ರ ಕೂಡ ಅದರಲ್ಲಿದೆ. ಇನ್ನು ಶಿಲುಬೆಗೇರಿಸುವ ಕಥೆ ಮೊಳೆ ಮಾಡುವವರಿಗೆ!

ಆ ಶಿಲುಬೆಯ ನಾಟಕವನ್ನು ದಯವಿಟ್ಟು ಓದಿ. ನಾಲ್ವರು ಸೈನಿಕರು, ಮೈಮುರಿದು ಕೆಲಸ ಮಾಡುವ ಆಳುಗಳ ಹಾಗೆ. ರಂಧ್ರ ತಪ್ಪು ಜಾಗದಲ್ಲಿ ಕೊರೆದಿದ್ದಾರೆ, ಕೈ ಅಲ್ಲಿಗೆ ಎಟುಕುತ್ತಿಲ್ಲ. ಹಗ್ಗ ಕಟ್ಟಿ ಎಳಿ ಅನ್ನುತ್ತಾನೆ ಒಬ್ಬ. ಮೊಳೆ ಗಟ್ಟಿಯಾಗಿದೆಯಾ ಅನ್ನುತ್ತಾನೆ ಇನ್ನೊಬ್ಬ. ಶಿಲುಬೆ ಎತ್ತುವಾಗ ಬೆನ್ನು ಹೋಯಿತು ಅಂತ ಗೊಣಗುತ್ತಾರೆ. ತಾವು ಏನು ಮಾಡುತ್ತಿದ್ದೇವೆ ಅನ್ನುವ ಪರಿವೆ ಅವರಿಗಿಲ್ಲ, ಕೆಲಸ ಸರಿಯಾಗಿ ಮುಗಿಯಬೇಕು ಅಷ್ಟೇ. ಶಿಲುಬೆ ಎತ್ತಿ ನಿಲ್ಲಿಸಿದ ಮೇಲೆ ಯೇಸು ಮಾತಾಡುವುದು ಅವರಿಗಲ್ಲ, ಬೀದಿಯಲ್ಲಿ ನಡೆದುಹೋಗುವ ಎಲ್ಲರಿಗೆ. ಬೀದಿಯಲ್ಲಿ ನಿಂತು ನೋಡುತ್ತಿದ್ದವರೂ ಮೊಳೆ ಹೊಡೆಯುವವರೇ, ಮರ ಕೊರೆಯುವವರೇ. ಕಸುಬಿನ ಮಾತು ಗೊತ್ತಿಲ್ಲದವನಿಗೆ ಆ ಸಂಭಾಷಣೆ ಬರೆಯಲು ಸಾಧ್ಯವೇ ಇರಲಿಲ್ಲ.

ವೇಕ್‌ಫೀಲ್ಡ್‌ನ ಎರಡನೇ ಕುರುಬರ ನಾಟಕವೂ ಅಷ್ಟೇ. ಕುರುಬರು ಬರುವಾಗ ದೇವರ ಮಾತೇ ಇಲ್ಲ. ಚಳಿ, ತೆರಿಗೆ, ಧಣಿಯ ಸಮವಸ್ತ್ರ ತೊಟ್ಟ ಆಳುಗಳು ಬಂದು ನೇಗಿಲು ಗಾಡಿ ಕಿತ್ತುಕೊಂಡು ಹೋಗುವ ದಬ್ಬಾಳಿಕೆ, ಇದೇ ಮಾತು. ಆಮೇಲೆ ಮ್ಯಾಕ್ ಕುರಿ ಕದ್ದು ತೊಟ್ಟಿಲಲ್ಲಿ ಮಗುವಿನ ಹಾಗೆ ಮಲಗಿಸುತ್ತಾನೆ. ಆಮೇಲೆ ಬೆತ್ಲೆಹೇಮಿನ ಮಗು. ಯಾರ್ಕ್‌ಷೈರಿನ ಕುರುಬರು ತಮ್ಮ ಕಷ್ಟವನ್ನು ಹೇಳಿಕೊಂಡೇ ದೇವರ ಹತ್ತಿರ ಹೋಗುತ್ತಾರೆ. ಯಾರ್ಕಿನ ನಾಟಕ 1569ರವರೆಗೆ ನಡೆಯಿತು. ಧರ್ಮಸುಧಾರಣೆಯ ನಂತರದ ಸರ್ಕಾರ, ಚರ್ಚು ಇವನ್ನು ಸಹಿಸಲಿಲ್ಲ.

ಸಂಜೆಮಲ್ಲಿಗೆ:

ಹೆಂಗಸರ ಮಾತು ಇನ್ನೂ ಬಂದೇ ಇಲ್ಲ. ವೈಫ್ ಆಫ್ ಬಾತ್, ಅಂದರೆ ಪ್ರೊಲಾಗಿನ ಆ ಬಟ್ಟೆ ನೇಯಿಸುವ ಹೆಂಗಸಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಅವಳು ಗಂಡಸು ಬರೆದ ಪಾತ್ರ. ನಾನು ಮಾರ್ಜರಿ ಕೆಂಪ್ ಬಗ್ಗೆ ಹೇಳುತ್ತೇನೆ.

ಹುಟ್ಟಿದ್ದು ಸುಮಾರು 1373ರಲ್ಲಿ, ಲಿನ್ ಎಂಬ ಬಂದರು ಪಟ್ಟಣದಲ್ಲಿ. ಅಪ್ಪ ಐದು ಸಲ ಮೇಯರ್. 14 ಮಕ್ಕಳ ತಾಯಿ. ಮೂರು ನಾಲ್ಕು ವರ್ಷ ಊರಿನ ದೊಡ್ಡ ಬಿಯರ್ ತಯಾರಕರಲ್ಲಿ ಒಬ್ಬಳಾಗಿದ್ದಳು, ಆಮೇಲೆ ನೊರೆ ನಿಲ್ಲದೆ ವ್ಯಾಪಾರ ಕೆಟ್ಟಿತು. ಕುದುರೆ ಗಿರಣಿ ಇಟ್ಟಳು, ಕುದುರೆ ಎಳೆಯಲಿಲ್ಲ. ಇದು ದೇವರ ಕರೆ ಅಂತ ತಿಳಿದಳು. ಜೆರುಸಲೇಮ್, ರೋಮ್, ಸ್ಪೇನಿನ ಸಾಂಟಿಯಾಗೊವರೆಗೂ ಯಾತ್ರೆ ಮಾಡಿದಳು. ಹೋದಲ್ಲೆಲ್ಲ ಜೋರಾಗಿ ಅಳುತ್ತಿದ್ದಳು, ಜೊತೆಯ ಯಾತ್ರಿಕರು ಬೇಸತ್ತು ಬಿಟ್ಟುಹೋದರು.

ಬರೆಯಲು ಬಾರದು. ಬೇರೆಯವರ ಕೈಯಲ್ಲಿ ಬರೆಸಿದಳು. ಮೊದಲು ಬರೆದವನ ಬರಹ ಇಂಗ್ಲಿಷೂ ಅಲ್ಲ ಜರ್ಮನ್ನೂ ಅಲ್ಲ ಅನ್ನುವ ಹಾಗಿತ್ತು. ಆಮೇಲೆ ಒಬ್ಬ ಪಾದ್ರಿ 1436ರಲ್ಲಿ ಕೂತು ಮತ್ತೆ ಬರೆದ. ಪುಸ್ತಕದ ಹಸ್ತಪ್ರತಿ ಜಗತ್ತಿಗೆ ಸಿಕ್ಕಿದ್ದು 1934ರಲ್ಲಿ! ಇಂಗ್ಲಿಷಿನ ಮೊದಲ ಆತ್ಮಕಥೆ ಅಂತ ಅದನ್ನು ಎಣಿಸುತ್ತಾರೆ.

ಆಗಿನ ಸಮಾಜದಲ್ಲಿ ಹೆಂಗಸು ದೇವರ ಬಗ್ಗೆ ಮಾತಾಡುವುದು ಎಷ್ಟು ಅಪಾಯ ಅನ್ನುವುದನ್ನು ಮರೆಯಬಾರದು. ವಿಕ್ಲಿಫ್‌ನ ಅನುಯಾಯಿಗಳಾದ ಲೊಲಾರ್ಡರು ಬೈಬಲ್ ಅನ್ನು ಇಂಗ್ಲಿಷಿಗೆ ತಂದಿದ್ದರು. 1401ರಲ್ಲಿ ಧರ್ಮವಿರೋಧಿಗಳನ್ನು ಸುಡುವ ಕಾಯ್ದೆ ಬಂತು. ಆ ವರ್ಷ ಸುಟ್ಟ ವಿಲಿಯಂ ಸಾಟ್ರಿ ಹಿಂದೆ ಲಿನ್‌ನಲ್ಲೇ, ಮಾರ್ಜರಿಯ ಚರ್ಚಿನಲ್ಲೇ ಪಾದ್ರಿಯಾಗಿದ್ದವನು. 1409ರಲ್ಲಿ ಆರ್ಚ್‌ಬಿಷಪ್ ಆರಂಡೆಲ್ ಅಪ್ಪಣೆ ಇಲ್ಲದೆ ಬೈಬಲ್ ಅನುವಾದ ಮಾಡಕೂಡದು ಅಂದ. ಇಂಥ ಹೊತ್ತಿನಲ್ಲಿ ಅವಳನ್ನು ಲೆಸ್ಟರಿನಲ್ಲಿ, ಯಾರ್ಕಿನಲ್ಲಿ ಹಿಡಿದು ವಿಚಾರಣೆ ಮಾಡಿದರು. ಹೆಂಗಸು ಬೋಧನೆ ಮಾಡಬಾರದು ಅಂದಾಗ ನಾನು ಪೀಠ ಹತ್ತುವುದಿಲ್ಲ, ಬರೀ ಮಾತಾಡುತ್ತೇನೆ ಅಂದಳು. ಆ ಪುಸ್ತಕದ ಒಂದೊಂದು ವಾಕ್ಯವೂ ವಿಚಾರಣೆಯಲ್ಲಿ ನಿಂತವಳು ಆಡಿದ ಹಾಗಿದೆ. ನಾನು ತಪ್ಪು ಹೇಳಿಲ್ಲ, ಇಗೋ ಸಾಕ್ಷಿ, ಇಗೋ ಬಿಷಪ್ಪನ ಪತ್ರ. ಸಮಾಜ ಸಾಹಿತ್ಯವನ್ನು ರೂಪಿಸುವುದು ಅಂದರೆ ಇದು ಕೂಡ.

ನಾರ್ವಿಚ್‌ನ ಜೂಲಿಯನ್ ಹೆಸರೂ ಬರೆದಿಟ್ಟುಕೊಳ್ಳಿ. ಚರ್ಚಿಗೆ ಅಂಟಿದ ಕೋಣೆಯೊಳಗೆ ವರ್ಷಗಟ್ಟಲೆ ಬದುಕಿದ ಸನ್ಯಾಸಿನಿ. ಇಂಗ್ಲಿಷಿನಲ್ಲಿ ಬರೆದಳು ಎಂದು ನಮಗೆ ಹೆಸರು ಗೊತ್ತಿರುವ ಮೊದಲ ಹೆಂಗಸು. ಮಾರ್ಜರಿ ಹೋಗಿ ಅವಳನ್ನು ಕಂಡಿದ್ದಳು.

ಒಂಟಿಪ್ರತಿ:

ಎಲ್ಲವೂ ಚೆನ್ನಾಗಿದೆ, ಆದರೆ ನನ್ನದೊಂದು ಆಕ್ಷೇಪ. ಪ್ಲೇಗ್ ಆಯಿತು ಆದ್ದರಿಂದ ಈ ಕವಿತೆ, ತೆರಿಗೆ ಹಾಕಿದರು ಆದ್ದರಿಂದ ಆ ನಾಟಕ ಅಂತ ಹೇಳುತ್ತಾ ಹೋದರೆ 'ಸರ್ ಗವೇನ್ ಮತ್ತು ಹಸಿರು ನೈಟ್' ಕವಿತೆಯನ್ನು ಏನು ಮಾಡುತ್ತೀರಿ? ಅದರಲ್ಲಿ ಕೂಲಿಯೂ ಇಲ್ಲ, ಪಿಡುಗೂ ಇಲ್ಲ. ಕ್ರಿಸ್‌ಮಸ್ ಹಬ್ಬ, ಬೇಟೆ, ಗವೇನ್ ಎಂಬ ಒಬ್ಬ ಒಳ್ಳೆಯ ಹುಡುಗನ ಸಣ್ಣ ಸುಳ್ಳು. ಬರೆದವನ ಹೆಸರೂ ಉಳಿದಿಲ್ಲ. ಒಂದೇ ಒಂದು ಹಸ್ತಪ್ರತಿ, ಅದೂ 1731ರ ಬೆಂಕಿಯಿಂದ ಪಾರಾದ ಗ್ರಂಥಸಂಗ್ರಹದ್ದು. ಆ ಪ್ರತಿ ಸುಟ್ಟಿದ್ದರೆ ಅಂಥ ಕವಿತೆ ಇತ್ತು ಅಂತಲೂ ನಮಗೆ ಗೊತ್ತಾಗುತ್ತಿರಲಿಲ್ಲ. ಅದರ ಸೊಬಗು ಕವಿಯ ಕೈಚಳಕದ್ದು, ಕಾಲದ್ದಲ್ಲ.

ಹಳೇಹೊತ್ತಿಗೆ:

ಕೈಚಳಕ ಕಾಲದಿಂದ ಬರುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಅದೇ ಕಾಲದಲ್ಲಿ ಬರೆದ ಎಷ್ಟೋ ಪದ್ಯಗಳನ್ನು ಇವತ್ತು ಯಾರೂ ಓದುವುದಿಲ್ಲ. ಆದರೆ ಆ ಕವಿತೆಯಲ್ಲೂ ಸಮಾಜ ಇದೆ. ಹಸ್ತಪ್ರತಿಯಲ್ಲಿ ಕವಿತೆ ಮುಗಿದ ಮೇಲೆ ಗಾರ್ಟರ್ ಪಂಥದ ಧ್ಯೇಯವಾಕ್ಯ ಬರೆದಿದೆ. ಮೂರನೇ ಎಡ್ವರ್ಡ್ ಆ ನೈಟ್ ಪಂಥವನ್ನು ಕಟ್ಟಿದ್ದು ಸುಮಾರು 1348ರಲ್ಲಿ, ಪ್ಲೇಗ್ ಬಂದ ಹೊತ್ತಿನಲ್ಲೇ. ಯುದ್ಧಭೂಮಿಯಲ್ಲಿ ಬಿಲ್ಲುಗಾರ ರೈತರ ಬಾಣಕ್ಕೆ ಕುದುರೆ ಸವಾರರು ಉರುಳುತ್ತಿದ್ದರು, ಫ್ರಾನ್ಸಿನಲ್ಲಿ ನಡೆದ 1346ರ ಕ್ರೆಸಿ ಕದನ ನೆನಪಿಸಿಕೊಳ್ಳಿ. ನೈಟ್‌ನ ಕೆಲಸ ಕಡಿಮೆಯಾದಷ್ಟೂ ನೈಟ್ ಅಂದರೆ ಹೇಗಿರಬೇಕು ಅನ್ನುವ ಚಿಂತೆ ಜಾಸ್ತಿಯಾಯಿತು. ಗವೇನ್ ಗೆಲ್ಲುವುದು ಕತ್ತಿಯಿಂದಲ್ಲ. ಅವನು ಸೋಲುವುದು, ನಾಚುವುದು, ಅದೇ ಕಥೆ.

ಓದುವಹುಡುಗಿ:

ನಿಮಗೆಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಯಾರ್ಕ್ ಶಿಲುಬೆ ನಾಟಕ ಓದಿದೆ, ಮೊಳೆ ಹೊಡೆಯುವ ಭಾಗಕ್ಕೆ ಬಂದಾಗ ಮುಂದೆ ಓದಲು ಕಷ್ಟವಾಯಿತು.

ಕೊನೆಯ ಪ್ರಶ್ನೆ. ಚಾಸರ್ ಬಹಳಷ್ಟು ಜನರಲ್ಲಿ ಏನಾದರೂ ಹುಳುಕು ತೋರಿಸುತ್ತಾನೆ, ಉಳುವವನಲ್ಲಿ ಒಂದೂ ಇಲ್ಲ. ಹಾಗಾದರೆ ಅವನು ರೈತರ ಪರ ಅಂತ ಬರೆಯಬಹುದಾ? ಹತ್ತು ಅಂಕದ ಉತ್ತರಕ್ಕೆ ಇದನ್ನೇ ಮುಖ್ಯ ವಾದ ಮಾಡೋಣ ಅಂತಿದ್ದೇನೆ.

ಕೆಂಪುನೆಲ:

ಅವಸರ ಮಾಡಬೇಡಿ. ಆ ಉಳುವವನ ಸಾಲುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಗೊಬ್ಬರ ಹೊರುತ್ತಾನೆ, ದೇವರನ್ನು ಪ್ರೀತಿಸುತ್ತಾನೆ, ಚರ್ಚಿಗೆ ಕೊಡಬೇಕಾದ ಹತ್ತನೇ ಪಾಲನ್ನು ಪೂರ್ತಿ ಕೊಡುತ್ತಾನೆ. ಬಡವರಿಗಾಗಿ ಒಕ್ಕುತ್ತಾನೆ, ಅಗೆಯುತ್ತಾನೆ, ಅದೂ ಕೂಲಿ ಇಲ್ಲದೆ. 'ಕೂಲಿ ಇಲ್ಲದೆ' ಅಂತ ಚಾಸರ್ ಸ್ಪಷ್ಟವಾಗಿ ಹೇಳುತ್ತಾನೆ. ಚಾಸರ್ ಈ ಪುಸ್ತಕ ಶುರು ಮಾಡಿದ್ದು ಸುಮಾರು 1387ರಲ್ಲಿ. ಬಂಡಾಯ ಆಗಿ ಆರು ವರ್ಷ ಕಳೆದಿದೆ, ಮಾರನೇ ವರ್ಷವೇ ಹೊಸ ಕೂಲಿಕಾಯ್ದೆ. ದೇಶದ ಪ್ರತಿ ಊರಿನಲ್ಲೂ ಉಳುವವರು ಜಾಸ್ತಿ ಕೂಲಿ ಕೇಳುತ್ತಿದ್ದ ಹೊತ್ತಿನಲ್ಲಿ ಅವನು ಕೂಲಿಯನ್ನೇ ಕೇಳದ ಒಬ್ಬ ಉಳುವವನನ್ನು ಚಿತ್ರಿಸಿ ಒಳ್ಳೆಯವನು ಅಂದ. ಅದು ಪ್ರೀತಿಯೂ ಇರಬಹುದು, ಧಣಿಗಳ ಆಸೆಯೂ ಇರಬಹುದು. ನನಗೆ ಎರಡನೆಯದೇ ಜಾಸ್ತಿ ಕಾಣುತ್ತದೆ.

ಅದರ ಪಕ್ಕದಲ್ಲಿ ರೀವ್‌ನ ಚಿತ್ರ ಇಟ್ಟು ನೋಡಿ. ರೀವ್ ಅಂದರೆ ಧಣಿಯ ಜಮೀನು ನೋಡಿಕೊಳ್ಳುವವನು, ಸಾಮಾನ್ಯವಾಗಿ ಜೀತದ ರೈತರಲ್ಲೇ ಒಬ್ಬ. ಇವನು ಹುಡುಗನಿದ್ದಾಗ ಬಡಗಿ ಕೆಲಸ ಕಲಿತವನು. ಈಗ ಲೆಕ್ಕದಲ್ಲಿ ಯಾರೂ ಇವನನ್ನು ಹಿಡಿಯಲಾರರು. ಗುಟ್ಟಾಗಿ ಆಸ್ತಿ ಮಾಡಿದ್ದಾನೆ. ಧಣಿಯ ಮಾಲನ್ನೇ ಧಣಿಗೆ ಸಾಲ ಕೊಟ್ಟು ಅವನಿಂದ ಧನ್ಯವಾದವನ್ನೂ ಉಡುಗೊರೆ ಕೋಟನ್ನೂ ಪಡೆಯುತ್ತಾನೆ. ಆಳುಗಳು ಇವನಿಗೆ ಸಾವಿಗೆ ಹೆದರಿದ ಹಾಗೆ ಹೆದರುತ್ತಾರೆ. ಮೇಲೆ ಬಂದ ಹಳ್ಳಿಯವನು ಚಾಸರ್ ಕಣ್ಣಿಗೆ ಹೀಗೆ ಕಂಡ, ಇದ್ದಲ್ಲೇ ಇದ್ದ ಹಳ್ಳಿಯವನು ಹಾಗೆ ಕಂಡ. ಈ ಇಬ್ಬರನ್ನೂ ಎದುರುಬದುರು ಇಟ್ಟು ಬರೆಯಿರಿ, ಹತ್ತು ಅಂಕಕ್ಕೆ ಬೇಕಾದಷ್ಟು ಸಿಗುತ್ತದೆ. ಮೂರು ವರ್ಗದ ಪ್ಯಾರಾವನ್ನು ಮೊದಲ ಎರಡು ಸಾಲಿನಲ್ಲಿ ಮುಗಿಸಿ.